ಐರ್ಲೆಂಡಿನಿಂದ ಕೊಡಿಯಾಲಕ್ಕೆ

1919ನೆಯ ಇಸವಿಯಲ್ಲಿ ಬೈಂದೂರಿನಿಂದ ಮಂಗಳೂರಿಗೆ ಹೊರಟವರಿಗೆ ದಾರಿಯೆಂದರೆ ಮುಖ್ಯವಾಗಿ ಹೊಳೆಗಳೇ. ಕುಂದಾಪುರದ ಪಂಚಗಂಗಾವಳಿ ಮೊದಲನೆಯದು. ಮುಂದೆ ಸೀತಾನದಿ, ಸುವರ್ಣಾ, ಶಾಂಭವಿ. ಮಂಗಳೂರಿನ ಬಾಗಿಲಿನಲ್ಲಿ ಫಲ್ಗುಣಿ. ಕಡವಿನ ದೋಣಿ ಈಚೆ ದಡಕ್ಕೆ ಬಂದಾಗ ಪ್ರಯಾಣ, ಬಾರದಿದ್ದರೆ ದಡದ ಮೇಲೆ ಕಾಯುವುದು. ಬೈಂದೂರು ಆಗ ದಕ್ಷಿಣ ಕನ್ನಡ ಜಿಲ್ಲೆಯ ಬಡಗಣ ಅಂಚು. ಶಿರೂರು ದಾಟಿತೆಂದರೆ ಮದರಾಸು ಪ್ರಾಂತ್ಯವೇ ಮುಗಿದು ಬೊಂಬಾಯಿ ಪ್ರಾಂತ್ಯ ತೊಡಗುತ್ತಿತ್ತು. ಇಷ್ಟು ಹೊಳೆಗಳಾಚೆಗೆ ಗಂಡುಮಕ್ಕಳನ್ನು ವಿದ್ಯೆಗೆಂದು ಕಳುಹಿಸಲು ತಾಯಿತಂದೆಗಳು ಹತ್ತು ಬಾರಿ ಯೋಚಿಸುತ್ತಿದ್ದರು. ಹೆಣ್ಣುಮಕ್ಕಳ ಮಾತು ಹೇಳುವುದೇ ಬೇಡ.

ಅದೇ ವರ್ಷ, ಕಡಲುಗಳನ್ನೇ ದಾಟಿ ಬಂದಿದ್ದ ಐರಿಷ್ ಮಹಿಳೆಯೊಬ್ಬರು ಈ ಜಿಲ್ಲೆಯ ಮುಖ್ಯಪಟ್ಟಣದಲ್ಲಿ ಬಾಲಿಕೆಯರ ರಾಷ್ಟ್ರೀಯ ಶಾಲೆಯ ಮುಖ್ಯೋಪಾಧ್ಯಾಯಿನಿಯಾದರು. ಅವರ ಪತಿ ಅದೇ ಸುಮಾರಿಗೆ ಜಪಾನಿನ ಟೋಕಿಯೋ ನಗರದ ಕೇಯೋ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಾವ್ಯ ಬೋಧಿಸುತ್ತಿದ್ದರು. ಆಕೆ ಮಾರ್ಗರೆಟ್ ಕಸಿನ್ಸ್. ಆತ ಜೇಮ್ಸ್ ಕಸಿನ್ಸ್.

ಜೇಮ್ಸ್ 1873ರಲ್ಲಿ ಬೆಲ್‌ಫಾಸ್ಟಿನಲ್ಲಿ ಹುಟ್ಟಿದವರು. ಕವಿ, ನಾಟಕಕಾರ, ಡಬ್ಲಿನ್ನಿನಲ್ಲಿ ಶಾಲಾ ಉಪಾಧ್ಯಾಯ. ಅವರಿಗಿಂತ ಐದು ವರ್ಷ ಕಿರಿಯರಾದ ಮಾರ್ಗರೆಟ್ ಸಂಗೀತದಲ್ಲಿ ಪದವಿ ಪಡೆದಿದ್ದರು. 1903ರಲ್ಲಿ ಇವರ ವಿವಾಹವಾಯಿತು. ಇಬ್ಬರೂ ಥಿಯಾಸಫಿಗೆ ಒಲಿದವರು, ಮಾಂಸಾಹಾರ ತೊರೆದವರು. ಮುಂದೆ ಲೋಕಪ್ರಸಿದ್ಧನಾದ ಜೇಮ್ಸ್ ಜಾಯ್ಸ್ 1904ರಲ್ಲಿ ಇವರ ಮನೆಯಲ್ಲಿ ಒಂದೆರಡು ದಿನ ತಂಗಿದ್ದನಂತೆ. ಆ ಶಾಕಾಹಾರ ಅವನಿಗೆ ಸ್ವಲ್ಪವೂ ಹಿಡಿಸಲಿಲ್ಲ! ಮಾರ್ಗರೆಟ್ ನಯವಾಗಿ ಪಿಯಾನೋ ನುಡಿಸಿಕೊಂಡು ಕುಳಿತವರಲ್ಲ. ಸ್ತ್ರೀಯರಿಗೆ ಮತದಾನದ ಹಕ್ಕು ಬೇಕೆಂದು ಹೋರಾಡಿ 1910ರಲ್ಲಿ ಲಂಡನ್ನಿನ ಸೆರೆಮನೆಯನ್ನು ಕಂಡರು. 1913ರಲ್ಲಿ ಐರ್ಲೆಂಡಿನ ಟಲ್ಲಮೋರ್ ಸೆರೆಮನೆಯಲ್ಲಿ ಉಪವಾಸ ಹೂಡಿದರು.

1915ರಲ್ಲಿ ಆನಿ ಬೆಸೆಂಟರ ಕರೆಗೆ ಓಗೊಟ್ಟು ದಂಪತಿಗಳು ಭಾರತಕ್ಕೆ ಬಂದರು. ಇವರು ಸರ್ಕಾರದ ಅಧಿಕಾರ ಹಿಡಿದು ಬಂದವರಲ್ಲ, ಮತಪ್ರಚಾರದ ಪಾದ್ರಿಗಳೂ ಅಲ್ಲ. ಜೇಮ್ಸರಿಗೆ ಮೊದಲು ದೊರೆತುದು ಬೆಸೆಂಟರ ಮದರಾಸಿನ ‘ನ್ಯೂ ಇಂಡಿಯಾ’ ಪತ್ರಿಕೆಯಲ್ಲಿ ಕೆಲಸ. 1916ರಲ್ಲಿ ಡಬ್ಲಿನ್ನಿನ ದಂಗೆಕೋರರನ್ನು ಹೊಗಳಿ ಬರೆದುದರಿಂದ ಆ ಕೆಲಸ ಹೋಯಿತು. ಅನಂತರ ಅವರು ಸೇರಿದುದು ಮದನಪಲ್ಲಿಯ ಕಾಲೇಜನ್ನು. ಮೈಸೂರು ಸೀಮೆಯ ಗಡಿಗೆ ಸಮೀಪದ ಆ ಸಣ್ಣ ಊರಿನಲ್ಲಿ ಪತಿಪತ್ನಿಯರಿಬ್ಬರೂ ಪಾಠ ಹೇಳಿದರು.

ಅಲ್ಲಿಗೆ 1919ರ ಫೆಬ್ರವರಿಯಲ್ಲಿ ರವೀಂದ್ರನಾಥ ಠಾಕೂರರು ವಿಶ್ರಾಂತಿಗೆಂದು ಬಂದರು. ಒಂದು ಸಂಜೆ ವಿದ್ಯಾರ್ಥಿಗಳ ಕೂಟದಲ್ಲಿ ಅವರು ತಮ್ಮ ‘ಜನಗಣಮನ’ವನ್ನು ಹಾಡಿದರು, ಅದೇ ತಿಂಗಳ 28ರಂದು ಇಂಗ್ಲಿಷಿಗೆ ತಿರುಗಿಸಿ ತಮ್ಮ ಕೈಯಿಂದಲೇ ಬರೆದುಕೊಟ್ಟರು. ರಾಗ ಠಾಕೂರರದೇ. ಅದನ್ನು ಪಾಶ್ಚಾತ್ಯ ಸ್ವರಲಿಪಿಯಲ್ಲಿ ಬರೆದಿರಿಸಿ ಕವಿಯ ಒಪ್ಪಿಗೆ ಪಡೆದವರು ಶ್ರೀಮತಿ ಕಸಿನ್ಸ್. ಆ ಹಾಡು ರಾಷ್ಟ್ರಗೀತೆಯಾದುದು 1950ರಲ್ಲಿ. ಬ್ರಿಟಿಷರ ಆಳ್ವಿಕೆಯ ಕಾಲದಲ್ಲಿ, ಶಾಲೆಯಲ್ಲಿ ಹಾಡಿಸಲು ಭಾರತೀಯನೊಬ್ಬನ ಗೀತೆಗೆ ಕಿವಿಗೊಟ್ಟು ಕುಳಿತ ಬಿಳಿಯ ಉಪಾಧ್ಯಾಯಿನಿಯರು ಎಷ್ಟು ಮಂದಿ ಇದ್ದಾರು?

ಇದಾದ ಮೇಲೆ ಅಗಲಿಕೆಯ ಕಾಲ. ಆತ ಟೋಕಿಯೋಗೆ, ಆಕೆ ಮಂಗಳೂರಿಗೆ. ಮದುವೆಯಾಗಿ ಹದಿನಾರು ವರ್ಷ ಒಂದೇ ಕೆಲಸಕ್ಕೆ ಹೆಗಲು ಕೊಟ್ಟಿದ್ದವರು, ವಾರಗಟ್ಟಲೆ ಹಡಗಿನಲ್ಲಿ ಸಾಗಬೇಕಾದ ಕಾಗದಗಳ ದೂರದಲ್ಲಿ ಉಳಿದರು. ಮಂಗಳೂರಿನ ಶಾಲೆ 1918ರಲ್ಲಿ ಹುಟ್ಟಿದ ಹಸುಗೂಸು. ಮಿಷನ್ನಿನವರ ಬಾಲಿಕಾ ಶಾಲೆಗಳು ಆ ಊರಿಗೆ ಹೊಸತಲ್ಲ. ಆದರೆ ತಮ್ಮ ಮನೆತನದ ಮಗಳು ತಮ್ಮದೇ ನಡೆನುಡಿಯ ನಡುವೆ ಓದಲಿ ಎಂದು ಬಯಸಿದ ಕುಟುಂಬಗಳಿಗೆ ರಾಷ್ಟ್ರೀಯ ಶಾಲೆ ಹೊಸ ಆಸರೆ. ಅಂಥ ಶಾಲೆಗೆ ಪರದೇಶದ ಹೆಂಗಸು ಮುಖ್ಯಸ್ಥೆಯಾದುದು ವಿಚಿತ್ರವೆನಿಸಬಹುದು. ಆದರೆ ಸ್ವಂತ ನಾಡಿನಲ್ಲೇ ಪರರ ಆಡಳಿತವನ್ನು ಕಂಡಿದ್ದ ಐರಿಷ್ ಹೆಂಗಸಿಗೆ ಆ ಬಯಕೆ ಅರ್ಥವಾಗದೆ ಇರಲಿಲ್ಲ.

ಮಂಗಳೂರಿನವರೇ ಆದ ಕಮಲಾದೇವಿ ಚಟ್ಟೋಪಾಧ್ಯಾಯರ ಬಾಳಿನಲ್ಲಿ ಶ್ರೀಮತಿ ಕಸಿನ್ಸರ ಪಾತ್ರ ದೊಡ್ಡದು. ಮದರಾಸು ವಿಧಾನ ಪರಿಷತ್ತಿಗೆ ಸ್ತ್ರೀಯರೂ ಸ್ಪರ್ಧಿಸಬಹುದೆಂದಾದಾಗ, 1926ರಲ್ಲಿ ಇಪ್ಪತ್ತಮೂರು ವಯಸ್ಸಿನ ಕಮಲಾದೇವಿಯವರನ್ನು ಚುನಾವಣೆಗೆ ನಿಲ್ಲುವಂತೆ ಒತ್ತಾಯಿಸಿದವರು ಇವರೇ. ಕಮಲಾದೇವಿಯವರು ಅತ್ಯಲ್ಪ ಮತಗಳಿಂದ ಸೋತರು. ಆದರೆ ಅಂಜಿಕೆ ಅಳಿದಿತ್ತು. ಮರುವರ್ಷ ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಸೇರಿತು. ಅದರ ಮೂಲಪ್ರೇರಣೆಯೂ ಶ್ರೀಮತಿ ಕಸಿನ್ಸರದೇ.

ಜೇಮ್ಸರು ಜಪಾನಿನಿಂದ ಹಿಂದಿರುಗಿದ ಮೇಲೆ ಮೈಸೂರಿನ ನಂಟು ಬೆಳೆಯಿತು. ಜಗನ್ಮೋಹನ ಅರಮನೆಯಲ್ಲಿ 1924ರಲ್ಲಿ ಚಿತ್ರಶಾಲೆ ಸಿದ್ಧವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಸಲಹೆ ನೀಡಿದವರು ಅವರು. ಅದೇ ವರ್ಷ ಮಲೆನಾಡಿನ ಹತ್ತೊಂಬತ್ತರ ವಿದ್ಯಾರ್ಥಿಯೊಬ್ಬ ತಾನು ಬರೆದ ಇಂಗ್ಲಿಷ್ ಕವನಗಳನ್ನು ಮೈಸೂರಿನಲ್ಲಿ ಅವರಿಗೆ ತೋರಿಸಲು ಹೋದನು. ಐರಿಷ್ ಕವಿಯ ಬಾಯಿಂದ ಮೆಚ್ಚುಗೆ ಕೇಳುವ ಆಸೆ. ಜೇಮ್ಸರು ಓದಿ ನೋಡಿ, ನಿಮ್ಮ ಭಾಷೆಯಲ್ಲಿ ಏನಾದರೂ ಬರೆದಿದ್ದೀರಾ ಎಂದು ಕೇಳಿದರು. ಕನ್ನಡದಲ್ಲಿ ಇಂಥ ಹೊಸ ಭಾವಗಳಿಗೆ ತಕ್ಕ ಛಂದಸ್ಸಿಲ್ಲವೆಂಬ ಉತ್ತರ ಬಂದಿತು. ಯಾವ ಭಾಷೆಯೂ ಅಸಮರ್ಥವಲ್ಲ, ಠಾಕೂರರು ಬಂಗಾಳಿಯಲ್ಲಿ ಮಾಡಿ ತೋರಿಸಲಿಲ್ಲವೇ ಎಂದು ಅವರು ತಿಳಿಹೇಳಿದರು. ಹುಡುಗನಿಗೆ ಆ ಕ್ಷಣ ಹಿಡಿಸಲಿಲ್ಲ. ಆದರೂ ಕನ್ನಡದಲ್ಲಿ ಬರೆಯತೊಡಗಿದನು. ಆತನೇ ಕುವೆಂಪು. ತಮ್ಮ ಆತ್ಮಕಥೆ ‘ನೆನಪಿನ ದೋಣಿಯಲ್ಲಿ’ ಈ ಭೇಟಿಯನ್ನು ಅವರು ನೆನೆದಿದ್ದಾರೆ. ಕನ್ನಡದ ಒಂದಕ್ಷರವನ್ನೂ ಓದಲಾರದ ಉಪಾಧ್ಯಾಯನೊಬ್ಬ ಕನ್ನಡಕ್ಕೆ ಮಾಡಿದ ಉಪಕಾರವಿದು. ಇಂಗ್ಲಿಷ್ ಕಲಿಸುವುದೇ ಕಸಬಾಗಿದ್ದವರು ಇಂಗ್ಲಿಷಿನಲ್ಲಿ ಬರೆಯಬೇಡವೆಂದು ಹೇಳಿದುದು ಸಾಮಾನ್ಯದ ಮಾತಲ್ಲ.

ಈ ದೇಶದ ಪಕ್ಷ ವಹಿಸಿದುದಕ್ಕೆ ಶ್ರೀಮತಿ ಕಸಿನ್ಸ್ ಬೆಲೆ ತೆತ್ತರು. 1932ರಲ್ಲಿ ಮದರಾಸಿನಲ್ಲಿ ಸರ್ಕಾರದ ಸುಗ್ರೀವಾಜ್ಞೆಗಳನ್ನು ಖಂಡಿಸಿ ಭಾಷಣ ಮಾಡಿದರೆಂದು ಒಂದು ವರ್ಷದ ಸಜೆಯಾಯಿತು. ಒಂದು ಕಾಲಕ್ಕೆ ಇದೇ ಮದರಾಸಿನಲ್ಲಿ ಗೌರವ ಮ್ಯಾಜಿಸ್ಟ್ರೇಟರಾಗಿ ಕುಳಿತಿದ್ದವರು ವೆಲ್ಲೂರಿನ ಸೆರೆಮನೆ ಸೇರಿದರು. ಲಂಡನ್, ಟಲ್ಲಮೋರ್, ವೆಲ್ಲೂರು: ಮೂರು ದೇಶಗಳ ಸೆರೆಮನೆ ಕಂಡ ಉಪಾಧ್ಯಾಯಿನಿ ಆಕೆ.

1940ರ ದಶಕದಲ್ಲಿ ಪಾರ್ಶ್ವವಾಯು ಬಡಿದು ಅವರು ಹಾಸಿಗೆ ಹಿಡಿದರು. ಇಬ್ಬರೂ ಸರದಿಯಂತೆ ಬರೆದ ಒಂದೇ ಆತ್ಮಕಥೆ 1950ರಲ್ಲಿ ಅಚ್ಚಾಯಿತು. ‘ನಾವಿಬ್ಬರೂ ಜೊತೆಯಾಗಿ’ ಎಂಬುದು ಆ ಇಂಗ್ಲಿಷ್ ಹೆಸರಿನ ಅರ್ಥ. ಶ್ರೀಮತಿ ಕಸಿನ್ಸ್ 1954ರ ಮಾರ್ಚಿಯಲ್ಲಿ ತೀರಿಕೊಂಡರು. ಜೇಮ್ಸರು ಎರಡು ವರ್ಷಗಳ ತರುವಾಯ, 1956ರ ಫೆಬ್ರವರಿಯಲ್ಲಿ, ತಾವು ಮೊದಲು ಪಾಠ ಹೇಳಿದ ಮದನಪಲ್ಲಿಯಲ್ಲಿಯೇ ಕಣ್ಮುಚ್ಚಿದರು.