ಕಾಲು ಹಿಡಿಯುವ ಪೆಡಲ್, ಬೇಗ ಬಿಡಲೂ ಬೇಕು

ಹುಬ್ಬಳ್ಳಿ, ಧಾರವಾಡ, ಬೆಳಗಾವಿಯ ಸೈಕಲ್ ಸವಾರರಿಗೆ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡದ ರಸ್ತೆಗಳೆಂದರೆ ಪ್ರೀತಿ. ಬಯಲುಸೀಮೆ ಮುಗಿದು ಮಲೆನಾಡು ಶುರುವಾಗುವ ಈ ನಾಲ್ಕು ತಾಲ್ಲೂಕುಗಳಲ್ಲಿ ಭತ್ತದ ಗದ್ದೆ, ತೇಗದ ಕಾಡು, ಕಾಳಿ ನದಿ, ಘಟ್ಟದ ಏರು ಎಲ್ಲವೂ ಇವೆ. ಗೇರ್ ಸೈಕಲ್ ಕೊಂಡು ಒಂದಷ್ಟು ದೂರ ತುಳಿದವರಿಗೆ ಶೂ ಕಚ್ಚಿಕೊಳ್ಳುವ ಕ್ಲಿಪ್‌ಲೆಸ್ ಪೆಡಲ್ ಹಾಕಿಸಬೇಕೆಂಬ ಆಸೆ ಹುಟ್ಟುತ್ತದೆ. ಹಾಕಿಸಬಹುದು. ಆದರೆ ಇಲ್ಲಿನ ರಸ್ತೆಗೆ ಪೆಡಲ್ ಆರಿಸುವಾಗ, ಅದು ಕಾಲನ್ನು ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ ಎನ್ನುವುದಕ್ಕಿಂತ ಎಷ್ಟು ಬೇಗ ಬಿಡುತ್ತದೆ ಎನ್ನುವುದನ್ನೇ ಮೊದಲು ನೋಡಬೇಕು.

ಹಿಂದೆ ರೇಸಿನ ಸವಾರರು ಪೆಡಲ್‌ಗೆ ಲೋಹದ ಪಂಜರ ಕೂರಿಸಿ, ಬೆಲ್ಟಿನಿಂದ ಪಾದ ಬಿಗಿದುಕೊಳ್ಳುತ್ತಿದ್ದರು. ಬಿದ್ದರೆ ಕಾಲು ಬಿಡಿಸಿಕೊಳ್ಳುವುದು ಕಷ್ಟವಾಗಿತ್ತು. ಹಿಮದ ಸ್ಕೀಗಳಿಗೆ ಬೂಟು ಸಿಕ್ಕಿಸುವ ಸಾಧನ ಮಾಡುತ್ತಿದ್ದ ಫ್ರಾನ್ಸಿನ ಲುಕ್ ಕಂಪನಿ ಅದೇ ತಂತ್ರವನ್ನು 1984ರಲ್ಲಿ ಸೈಕಲ್ಲಿಗೆ ತಂದಿತು. ಮರುವರ್ಷ ಬರ್ನಾರ್ಡ್ ಹಿನೋ ಈ ಪೆಡಲ್ ತುಳಿದೇ ಟೂರ್ ಡಿ ಫ್ರಾನ್ಸ್ ಗೆದ್ದರು. 1990ರಲ್ಲಿ ಜಪಾನಿನ ಶಿಮಾನೊ ಗುಡ್ಡಗಾಡಿನ ಸೈಕಲ್ಲಿಗೆಂದು ಎಸ್‌ಪಿಡಿ ಪೆಡಲ್ ಹೊರತಂದಿತು. ಶೂ ತಳಕ್ಕೆ ಬಿಗಿದ ಕ್ಲೀಟ್ ಎಂಬ ಪುಟ್ಟ ತುಂಡು ಪೆಡಲ್ಲಿನ ಸ್ಪ್ರಿಂಗಿಗೆ ಟಕ್ಕೆಂದು ಸಿಕ್ಕಿಕೊಳ್ಳುತ್ತದೆ. ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಬಿಟ್ಟುಕೊಳ್ಳುತ್ತದೆ.

ಕಾಲನ್ನು ಮೇಲಕ್ಕೆ ಎಳೆದೂ ಶಕ್ತಿ ಪಡೆಯಬಹುದು ಎಂಬ ಮಾತನ್ನು ಹೆಚ್ಚು ನೆಚ್ಚಬೇಕಿಲ್ಲ. ಸೈಕಲ್ ಓಡುವುದು ಮುಖ್ಯವಾಗಿ ಕೆಳಕ್ಕೆ ತುಳಿಯುವ ಬಲದಿಂದಲೇ. ಮಳೆಯಲ್ಲಿ ಪಾದ ಜಾರದಿರುವುದು, ಕಿತ್ತುಹೋದ ಡಾಂಬರಿನ ಮೇಲೆ ಕಾಲು ಪೆಡಲ್ ಬಿಟ್ಟು ಹಾರದಿರುವುದು, ಗಂಟೆಗಟ್ಟಲೆ ತುಳಿದರೂ ಪಾದ ಒಂದೇ ಜಾಗದಲ್ಲಿ ನಿಲ್ಲುವುದು ಇದರ ನಿಜವಾದ ಲಾಭ. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯಲ್ಲಿ ಮುಗಿಸಬೇಕಾದ ಬ್ರೆವೆ ಸವಾರಿಗೆ ಹೊರಟವರಿಗೆ ಇದು ದೊಡ್ಡ ಅನುಕೂಲ.

ಎರಡು ಬೋಲ್ಟೋ, ಮೂರೋ?

ರಸ್ತೆ ರೇಸಿನ ಕ್ಲೀಟ್‌ಗಳು ಸಾಮಾನ್ಯವಾಗಿ ಮೂರು ಬೋಲ್ಟಿನವು. ಅಗಲವಾಗಿದ್ದು ಶೂ ತಳದಿಂದ ಹೊರಚಾಚಿರುತ್ತವೆ. ಹಾಕಿಕೊಂಡು ನಡೆದರೆ ಜಾರುತ್ತವೆ, ಬೇಗ ಸವೆಯುತ್ತವೆ. ಎರಡು ಬೋಲ್ಟಿನ ಎಸ್‌ಪಿಡಿ ಕ್ಲೀಟ್ ಲೋಹದ್ದು, ಚಿಕ್ಕದು, ರಬ್ಬರ್ ತಳದ ಗುಳಿಯೊಳಗೆ ಅಡಗಿರುತ್ತದೆ. ಚಹಾದಂಗಡಿಯ ಕಟ್ಟೆ ಹತ್ತಲು, ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ ಅಡ್ಡಾಡಲು, ಉಳವಿಯ ಚನ್ನಬಸವೇಶ್ವರ ಗುಡಿಯ ತನಕ ನಡೆಯಲು ಅಡ್ಡಿಯಿಲ್ಲ. ಈ ಸೀಮೆಗೆ ಎರಡು ಬೋಲ್ಟಿನದೇ ಸರಿ.

ಅದರಲ್ಲೂ ಒಂದು ಬದಿಗೆ ಎಸ್‌ಪಿಡಿ, ಇನ್ನೊಂದು ಬದಿಗೆ ಸಾದಾ ತಳವಿರುವ ಪೆಡಲ್ ಹೆಚ್ಚು ಉಪಯೋಗಿ. ಊರೊಳಗೆ, ಸಂತೆಯ ಗದ್ದಲದಲ್ಲಿ ಸಾದಾ ಬದಿಯನ್ನೇ ತುಳಿಯಬಹುದು. ಕೆಸರಿನ ಕಾಡುದಾರಿಯನ್ನೇ ಮೆಚ್ಚುವವರು ಕ್ರ್ಯಾಂಕ್ ಬ್ರದರ್ಸ್ ಕಂಪನಿಯ ಎಗ್‌ಬೀಟರ್ ಥರದ, ನಾಲ್ಕೂ ಕಡೆ ತೆರೆದ ಪೆಡಲ್ ನೋಡಬಹುದು. ಕೆಮ್ಮಣ್ಣು ಅದರಲ್ಲಿ ಅಷ್ಟಾಗಿ ಕಟ್ಟಿಕೊಳ್ಳುವುದಿಲ್ಲ.

ಶಿಮಾನೊದ ಕ್ಲೀಟ್‌ಗಳಲ್ಲೂ ಎರಡು ಬಗೆ. ಎಸ್‌ಎಚ್51 ಹಿಮ್ಮಡಿ ಪಕ್ಕಕ್ಕೆ ತಿರುಗಿಸಿದರೆ ಮಾತ್ರ ಬಿಡುತ್ತದೆ. ಎಸ್‌ಎಚ್56 ಮೇಲಕ್ಕೆ ಜೋರಾಗಿ ಎಳೆದರೂ ಬಿಡುತ್ತದೆ. ಹೊಸಬರು ಎರಡನೆಯದನ್ನೇ ಕೇಳಿ ಪಡೆಯಬೇಕು.

ಕೂರಿಸುವ ಕ್ರಮ

ಹೆಬ್ಬೆರಳಿನ ಬುಡದ ಉಬ್ಬು ಪೆಡಲ್ಲಿನ ಅಚ್ಚಿನ ನೇರಕ್ಕೆ, ಅಥವಾ ಅದಕ್ಕಿಂತ ತುಸು ಮುಂದಕ್ಕೆ ಬರುವಂತೆ ಕ್ಲೀಟ್ ಕೂರಿಸಬೇಕು. ಸೊಟ್ಟಗೆ ಕೂತರೆ ನೋವು ಮಂಡಿಗೆ. ಬೋಲ್ಟುಗಳಿಗೆ ಗ್ರೀಸ್ ಹಚ್ಚಿ ಬಿಗಿಯಬೇಕು. ಎಡ ಪೆಡಲ್ಲಿನ ಮರೆ ಉಲ್ಟಾ ಎಂಬುದನ್ನು ಪಾನಾ ಹಿಡಿಯುವ ಮೊದಲೇ ನೆನಪಿಡಿ. ಸ್ಪ್ರಿಂಗಿನ ಬಿಗಿತಕ್ಕೆ ಪೆಡಲ್ಲಿನಲ್ಲೇ ಒಂದು ಸ್ಕ್ರೂ ಇರುತ್ತದೆ. ಮೊದಮೊದಲು 3 ಮಿ.ಮೀ. ಅಲನ್ ಕೀಯಿಂದ ಅದನ್ನು ಪೂರ್ತಿ ಸಡಿಲಿಸಿಡಿ.

ಅಭ್ಯಾಸ ಗೋಡೆ ಹಿಡಿದು ಶುರುವಾಗಲಿ, ಆಮೇಲೆ ಹುಲ್ಲಿನ ಮೈದಾನದಲ್ಲಿ ಮುಂದುವರಿಯಲಿ. ಸಿಕ್ಕಿಸುವುದನ್ನಲ್ಲ, ಬಿಡಿಸುವುದನ್ನು ಕಲಿಯಬೇಕು. ನಿಲ್ಲುವ ಮೊದಲೇ ಗೇರ್ ಇಳಿಸಿ, ಕಾಲು ಕೆಳಗಿದ್ದಾಗ ಹಿಮ್ಮಡಿ ಹೊರಳಿಸಿ, ಆಮೇಲೆ ಬ್ರೇಕ್ ಹಿಡಿಯಿರಿ. ಹೊಸಬರು ಬೀಳುವುದು ವೇಗದಲ್ಲಲ್ಲ, ನಿಲ್ಲುವ ಹೊತ್ತಿನಲ್ಲಿ ಮತ್ತು ಏರಿನಲ್ಲಿ ಉಸಿರು ಕಟ್ಟಿದಾಗ.

ಇಲ್ಲಿನ ರಸ್ತೆಯ ಲೆಕ್ಕ

ಕಬ್ಬು ನುರಿಸುವ ಕಾಲದಲ್ಲಿ ಹಳಿಯಾಳದ ಸುತ್ತ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ಕಾಗದ ಕಾರ್ಖಾನೆಯ ದಾಂಡೇಲಿಯಲ್ಲಿ ಲಾರಿಗಳ ಓಡಾಟ. ಭಾರತ ಹುಣ್ಣಿಮೆಯ ಉಳವಿ ಜಾತ್ರೆಗೆ ಜೋಯಿಡಾದ ದಾರಿಯಲ್ಲಿ ಚಕ್ಕಡಿಗಳು ಬರುತ್ತವೆ. ಎತ್ತು ಬೆದರದಂತೆ ಸೈಕಲ್ಲೇ ಇಳಿದು ನಿಲ್ಲಬೇಕು. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ರಸ್ತೆಗೆ ಕಾಡುಕೋಣ ಹೇಳಿಕೇಳಿ ಬರುವುದಿಲ್ಲ. ಇಲ್ಲೆಲ್ಲ ಕಾಲು ಕ್ಷಣದಲ್ಲಿ ನೆಲಕ್ಕೆ ಬರಬೇಕು. ತಿರುವು ಕಾಣದ ಕಡೆ ಒಂದು ಕಾಲನ್ನು ಮೊದಲೇ ಬಿಡಿಸಿಟ್ಟುಕೊಳ್ಳುವುದು ಜಾಣತನ. ಎಡಗಾಲು ಊರುವಾಗ ರಸ್ತೆಯಂಚು ನೋಡಿ. ಮಳೆಗೆ ಮಣ್ಣು ಕೊಚ್ಚಿಹೋಗಿ ಅಂಚು ತಗ್ಗಾಗಿದ್ದರೆ, ಕಾಲು ನೆಲಕ್ಕೆ ಎಟುಕದೆ ಸೈಕಲ್ ಸಮೇತ ಉರುಳಬೇಕಾಗುತ್ತದೆ.

ಮಳೆಗಾಲದ ಸವಾರಿ ಮುಗಿದ ಮೇಲೆ ಕ್ಲೀಟಿನ ಸಂದಿಯ ಕೆಸರನ್ನು ಬ್ರಷ್ಷಿನಿಂದ ತೆಗೆದು, ಸ್ಪ್ರಿಂಗಿಗೆ ಒಂದು ಹನಿ ಎಣ್ಣೆ ಬಿಡಿ. ಬೋಲ್ಟ್ ಸಡಿಲಾದರೆ ಹಿಮ್ಮಡಿ ತಿರುಗಿದರೂ ಕ್ಲೀಟ್ ಬಿಡುವುದಿಲ್ಲ; ಆಗಾಗ ಪರೀಕ್ಷಿಸುತ್ತಿರಿ.

ಚಪ್ಪಲಿಯಲ್ಲೇ ಹೊಲಕ್ಕೆ, ಶಾಲೆಗೆ ಹೋಗುವವರಿಗೆ ರಬ್ಬರ್ ಪೆಡಲ್ಲೇ ಉತ್ತಮ, ಅದನ್ನು ಬದಲಿಸುವ ಅಗತ್ಯವಿಲ್ಲ. ದೂರದ ಸವಾರಿಗೆ ಹೊರಡುವವರು ಒಂದು ಬದಿಯ ಎಸ್‌ಪಿಡಿಯಿಂದ ಆರಂಭಿಸಲಿ. ಯೋಚಿಸದೆಯೇ ಕಾಲು ಬಿಡಿಸಿಕೊಳ್ಳುವುದು ರೂಢಿಯಾಗುವ ತನಕ ಮುಂಡಗೋಡ, ಹಳಿಯಾಳದ ಸಮತಟ್ಟು ರಸ್ತೆಗಳಲ್ಲೇ ತುಳಿಯಿರಿ. ಅಣಶಿ ಘಟ್ಟಕ್ಕೆ ಹೋಗುವುದು ಆಮೇಲಿರಲಿ.