ಹಳೆಯ ಆಸಿಲೋಸ್ಕೋಪುಗಳ ಜೀರ್ಣೋದ್ಧಾರ

1950ರ ದಶಕದಲ್ಲಿ ಅಮೆರಿಕದ ಆರೆಗಾನ್ ಪ್ರಾಂತದಲ್ಲಿ ನಿರ್ಮಿತವಾದ ಟೆಕ್ಟ್ರಾನಿಕ್ಸ್ 545 ಎಂಬ ಆಸಿಲೋಸ್ಕೋಪಿನ ಪಕ್ಕದ ತಗಡನ್ನು ಕಳಚಿ ಒಳಗೆ ದೃಷ್ಟಿ ಹಾಯಿಸಿದವನಿಗೆ ಮೊದಲು ಕಾಣುವುವು ಸಾಲುಗೊಂಡ ವ್ಯಾಲ್ವುಗಳೂ, ಬಿಳಿಯ ಪಿಂಗಾಣಿಯ ಪಟ್ಟಿಗಳಲ್ಲಿ ಮಗ್ಗದ ನೂಲಿನಂತೆ ಒತ್ತಾಗಿ ಕುಳಿತ ರೆಸಿಸ್ಟರು, ಕಪಾಸಿಟರುಗಳೂ; ತುಸು ಹುಡುಕಿದರೆ, ಯಾವ ಮಂಡಲಕ್ಕೂ ಸೇರದೆ ಒಂದೆಡೆ ಸುರುಳಿ ಸುತ್ತಿಟ್ಟ ಬೆಸುಗೆಯ ತಂತಿಯೊಂದು ಕಣ್ಣಿಗೆ ಬೀಳುತ್ತದೆ. ಪಿಂಗಾಣಿಯ ಕಚ್ಚುಗಳಿಗೆ ಅಂಟಿಸಿರುವ ಬೆಳ್ಳಿಯ ಲೇಪವನ್ನು ಸಾಮಾನ್ಯ ಬೆಸುಗೆ ಕರಗಿಸಿ ತನ್ನೊಳಗೆ ಎಳೆದುಕೊಳ್ಳುವುದರಿಂದ, ಶೇಕಡಾ 3ರಷ್ಟು ಬೆಳ್ಳಿ ಬೆರೆತ ಬೆಸುಗೆಯನ್ನೇ ಅಲ್ಲಿ ಬಳಸತಕ್ಕದ್ದು; ಮುಂದೆಂದೋ ಇದನ್ನು ದುರಸ್ತಿ ಮಾಡಲಿರುವವನಿಗೆ ಅದು ಸಿಕ್ಕದೆ ಹೋದೀತೆಂದು, ನಿರ್ಮಿಸಿದವರೇ ಅದನ್ನು ಯಂತ್ರದೊಳಗೆ ಇರಿಸಿ ಕಳುಹಿಸಿದರು. ತಾವು ಕಾಣದ ಕೈಗೆ ತೋರಿದ ಈ ಸೌಜನ್ಯವೇ ನನ್ನನ್ನು ಈ ಹವ್ಯಾಸಕ್ಕೆ ಎಳೆದುದು.

ವಿದ್ಯುತ್ತಿನ ಏರಿಳಿತವನ್ನು ಗಾಜಿನ ಪರದೆಯ ಮೇಲೆ ಬೆಳಕಿನ ಗೆರೆಯಾಗಿ ಬರೆದು ತೋರಿಸುವ ಯಂತ್ರವೇ ಆಸಿಲೋಸ್ಕೋಪು. ಹಿಂದಿನ ಯಂತ್ರಗಳಲ್ಲಿ ಚಿತ್ರವು ನಿಲ್ಲದೆ ಜಾರುತ್ತಿದ್ದು, ಅದನ್ನು ಹಿಡಿದು ನಿಲ್ಲಿಸುವುದೇ ಪ್ರಯಾಸವಾಗಿತ್ತು. 1946ರಲ್ಲಿ ಪೋರ್ಟ್‌ಲೆಂಡ್ ನಗರದಲ್ಲಿ ಹೊವರ್ಡ್ ವೋಲಮ್, ಜಾಕ್ ಮರ್ಡಾಕ್ ಮೊದಲಾದವರು ಕಟ್ಟಿದ ಟೆಕ್ಟ್ರಾನಿಕ್ಸ್ ಸಂಸ್ಥೆಯು ಮರುವರ್ಷ 795 ಡಾಲರಿಗೆ ಮಾರಿದ 511ನೆಯ ಮಾದರಿಯಲ್ಲಿ, ಗೆರೆಯು ತರಂಗದ ಗೊತ್ತಾದ ಬಿಂದುವಿಗಾಗಿ ಕಾದಿದ್ದು ಅಲ್ಲಿಂದಲೇ ಓಟವನ್ನು ಆರಂಭಿಸುತ್ತಿತ್ತು, ಚಿತ್ರ ಸ್ಥಿರವಾಯಿತು.

ಇಂಥ ಯಂತ್ರವು ದಶಕಗಳ ಧೂಳಿನಿಂದ ಎದ್ದು ಮೇಜಿಗೆ ಬಂದಾಗ ಕೂಡಲೇ ಪ್ಲಗ್ಗನ್ನು ಚುಚ್ಚುವುದು ಅವಿವೇಕ. ಕಾಗದದ ಕಪಾಸಿಟರುಗಳು ತೇವವನ್ನು ಹೀರಿ ಸೋರತೊಡಗಿರುತ್ತವೆ. ಎಲೆಕ್ಟ್ರೋಲಿಟಿಕ್ ಜಾತಿಯವು ಒಳಗೇ ಒಣಗಿಯೋ, ಬಹುಕಾಲದ ನಿದ್ರೆಯಿಂದ ಒಳಪದರ ಕ್ಷಯಿಸಿಯೋ ಇರುತ್ತವೆ. ಇವುಗಳಲ್ಲಿ ಇನ್ನೂ ಜೀವವುಳ್ಳವನ್ನು ಅತ್ಯಲ್ಪ ಪ್ರವಾಹದಿಂದ ಗಂಟೆಗಟ್ಟಲೆ ಉಪಚರಿಸಿ ಎಬ್ಬಿಸಬಹುದು, ಕೆಟ್ಟವನ್ನು ಬದಲಿಸಬೇಕು. ಬದಲಿಸುವಾಗಲೂ ದೇವಾಲಯದ ಜೀರ್ಣೋದ್ಧಾರದಲ್ಲಿ ತೋರುವ ಸಂಯಮವೇ ಇಲ್ಲಿಯೂ ಬೇಕು: ನೆಟ್ಟಗಿರುವ ಕಂಬವನ್ನು ಕೀಳಬಾರದು. ಎಲ್ಲವನ್ನೂ ಒಟ್ಟಿಗೆ ಕಿತ್ತು ಹೊಸದನ್ನು ತುಂಬುವವರನ್ನು ನಾನು ಒಪ್ಪಲಾರೆ. ಹಾಗೆ ಮಾಡಿದವನಿಗೆ ರೋಗ ಯಾವುದಿತ್ತೆಂಬುದು ಎಂದಿಗೂ ತಿಳಿಯುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಒಂದು ಮಧ್ಯಾಹ್ನ ಸುತ್ತಿದರೆ ಬೇಕಾದ ಕಪಾಸಿಟರೇನೋ ದೊರೆತೀತು. ದೋಷದ ಮೂಲವನ್ನು ಮಾತ್ರ ಮೇಜಿನ ಮುಂದೆ ಕುಳಿತೇ ಹುಡುಕಬೇಕು.

ಹುಡುಕುವ ಕ್ರಮವನ್ನು ಸಂಸ್ಥೆಯ ಕೈಪಿಡಿಯೇ ಕಲಿಸುತ್ತದೆ. ಮಂಡಲದ ನಕ್ಷೆಯಲ್ಲಿ ಅಲ್ಲಲ್ಲಿ ಇರಬೇಕಾದ ವೋಲ್ಟೇಜೂ ತರಂಗದ ಆಕಾರವೂ ಅಚ್ಚಾಗಿರುತ್ತವೆ. 545ರಲ್ಲಿ ಮೊದಲು ನೋಡತಕ್ಕದ್ದು ಋಣ 150 ವೋಲ್ಟಿನ ಪೂರೈಕೆ. 100, 225, 350, 500 ವೋಲ್ಟುಗಳ ಮಿಕ್ಕೆಲ್ಲ ಪೂರೈಕೆಗಳೂ ಅದನ್ನೇ ಆಧರಿಸಿರುವುದರಿಂದ ಅದು ಓರೆಯಾದರೆ ಎಲ್ಲವೂ ಓರೆ. ಪರದೆಯ ಕೊಳವೆಗೆ 10,000 ವೋಲ್ಟುಗಳಷ್ಟು ಬೇಕಾಗಿದ್ದು, ಸ್ವಿಚ್ಚು ಆರಿಸಿದ ಮೇಲೂ ಕಪಾಸಿಟರುಗಳಲ್ಲಿ ವಿದ್ಯುತ್ತು ಮಾರಕವಾಗಿ ಉಳಿದಿರುತ್ತದೆ. ಅದರಿಂದಲೇ ಅನುಭವಸ್ಥರು ಅದನ್ನು ರೆಸಿಸ್ಟರಿನ ಮೂಲಕ ಬರಿದು ಮಾಡದೆ ಒಳಗೆ ಕೈಹಾಕರು, ಜೀವಂತ ಮಂಡಲವನ್ನು ಅಳೆಯುವಾಗ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುವರು.

ಸರಳವಾದ ಯಂತ್ರಗಳಲ್ಲಿಯೂ ಇಂಥ ಆನಂದಕ್ಕೆ ಕೊರತೆಯಿಲ್ಲ. ಅಮೆರಿಕದ ಎಂಜಿನಿಯರ್ ಬಿಲ್ ಹ್ಯೂಲೆಟ್ 1939ರ ತನ್ನ ಪ್ರಬಂಧದಲ್ಲಿ ವಿವರಿಸಿದ ಧ್ವನಿ ಆಸಿಲೇಟರಿನಲ್ಲಿ, ತರಂಗದ ಬಲವನ್ನು ಹದದಲ್ಲಿಡುವ ಕಾರ್ಯವನ್ನು ಒಂದು ಪುಟ್ಟ ದೀಪದ ತಂತುವಿಗೆ ಒಪ್ಪಿಸಿದ್ದಾನೆ: ಬಲ ಹೆಚ್ಚಿದರೆ ತಂತು ಕಾದು ಅದರ ರೋಧ ಏರುತ್ತದೆ, ಏರಿದ ರೋಧವು ಬಲವನ್ನು ತಗ್ಗಿಸುತ್ತದೆ. ಮುಂದಿನ ಮಾದರಿಯ ಎಂಟು ಯಂತ್ರಗಳನ್ನು ವಾಲ್ಟ್ ಡಿಸ್ನಿ ಸಂಸ್ಥೆ ‘ಫಾಂಟೇಸಿಯಾ’ ಚಲನಚಿತ್ರಕ್ಕಾಗಿ ಕೊಂಡಿತು.

ವಾರಗಳ ಶ್ರಮದ ತರುವಾಯ 545ರ ಸ್ವಿಚ್ಚನ್ನು ಒತ್ತಿದಾಗ ಫ್ಯಾನು ಮೊರೆಯುತ್ತದೆ, ವ್ಯಾಲ್ವುಗಳ ಹೊಟ್ಟೆಯಲ್ಲಿ ಕೆಂಡದ ಬಣ್ಣ ಮೂಡುತ್ತದೆ. ಸುಮಾರು ಅರ್ಧ ನಿಮಿಷದವರೆಗೆ ಬೇರೇನೂ ಆಗುವುದಿಲ್ಲ, ಏಕೆಂದರೆ ವ್ಯಾಲ್ವುಗಳು ಕಾಯುವ ಮುನ್ನ ಹೆಚ್ಚಿನ ವೋಲ್ಟೇಜು ತಾಗದಂತೆ ಒಂದು ರಿಲೇ ಅದನ್ನು ತಡೆದು ಹಿಡಿದಿರುತ್ತದೆ. ಆಮೇಲೆ ಟಪ್ ಎಂದು ಆ ರಿಲೇ ಬೀಳುತ್ತದೆ. ಕತ್ತಲೆಯ ಗಾಜಿನ ಮೇಲೆ ಹಸಿರು ಗೆರೆಯೊಂದು ಎಡದಿಂದ ಬಲಕ್ಕೆ ಎಳೆದಂತೆ ನಿಲ್ಲುತ್ತದೆ.

ನಾನು ದುರಸ್ತಿ ಮಾಡಿದ ಯಂತ್ರದೊಳಗಿನ ಸುರುಳಿಯಲ್ಲಿ ಹಿಂದೆ ಯಾರೋ ಬಳಸಿ ಉಳಿಸಿದ ಗೇಣುದ್ದದ ಬೆಳ್ಳಿಬೆಸುಗೆಯಿತ್ತು, ನನ್ನ ಕೆಲಸಕ್ಕೆ ಅದು ಸಾಕಾಯಿತು. ತಗಡನ್ನು ಮರಳಿ ಬಿಗಿಯುವ ಮೊದಲು ಹೊಸ ತಂತಿಯನ್ನು ತರಿಸಿ ಅದೇ ಸುರುಳಿಗೆ ತುಂಬ ಸುತ್ತಿಟ್ಟೆ.