ಸವೆದ ಸರಪಳಿಗೆ ಸರಿಯಾದ ಜೋಡಿ

ರಬ್ಬರ್ ಗಾಲಿಗಳ ಬದಲು ಇಕ್ಕೆಲಗಳಲ್ಲಿ ಉಕ್ಕಿನ ಸರಪಳಿಯ ಮೇಲೆ ಸಾಗುವ ಟ್ರ್ಯಾಕ್ಟರಿಗೆ ಕ್ರಾಲರ್ ಎಂದು ಹೆಸರು. ಅದರ ಮುಂಭಾಗಕ್ಕೆ ಮಣ್ಣು ತಳ್ಳುವ ಅಲಗನ್ನು ಜೋಡಿಸಿದರೆ ಅದೇ ಬುಲ್ಡೋಜರ್ ಆಗುತ್ತದೆ. ಅಮೆರಿಕದ ಕ್ಯಾಟರ್‌ಪಿಲ್ಲರ್ ಕಂಪನಿ 1938ರಿಂದ 1957ರವರೆಗೆ ತಯಾರಿಸಿದ ಡಿ2 ಈ ಬಗೆಯ ಚಿಕ್ಕ ಯಂತ್ರಗಳಲ್ಲೊಂದಾಗಿದ್ದು, ಹಳೆಯ ಯಂತ್ರಗಳ ಆಸಕ್ತರು ಅದನ್ನು ಇಂದಿಗೂ ದುಡಿಸುತ್ತಾರೆ. ಇಂಥ ಯಂತ್ರವನ್ನು ಕೊಳ್ಳುವವರು ಎಂಜಿನ್ನಿನ ಸದ್ದಿಗೆ ಕಿವಿಗೊಡುವುದು ಸಹಜವಾದರೂ ಮೊದಲು ಬಗ್ಗಿ ನೋಡಬೇಕಾದದ್ದು ಕೆಳಗಿನ ಸರಪಳಿಯನ್ನು, ಏಕೆಂದರೆ ಯಂತ್ರದ ಜೀವಮಾನದ ದುರಸ್ತಿ ವೆಚ್ಚದಲ್ಲಿ ಸುಮಾರು ಅರ್ಧದಷ್ಟು ಅಲ್ಲಿಗೇ ಹೋಗುತ್ತದೆ ಎಂಬುದು ಈ ವೃತ್ತಿಯವರ ಸಾಮಾನ್ಯ ಲೆಕ್ಕಾಚಾರ.

ಈ ಕೆಳಭಾಗದಲ್ಲಿ ಎಂಜಿನ್ನಿನ ಬಲದಿಂದ ತಿರುಗಿ ಸರಪಳಿಯನ್ನು ಎಳೆಯುವ ಹಲ್ಲುಚಕ್ರವಾದ ಸ್ಪ್ರಾಕೆಟ್ ಹಿಂದಿದ್ದರೆ, ಸರಪಳಿಯನ್ನು ಬಿಗಿಯಾಗಿ ಹಿಡಿದು ಮರಳಿಸುವ ಹಲ್ಲಿಲ್ಲದ ಚಕ್ರವಾದ ಐಡ್ಲರ್ ಮುಂದಿರುತ್ತದೆ. ಇವೆರಡರ ನಡುವಿನ ರೋಲರುಗಳು ಯಂತ್ರದ ಭಾರವನ್ನು ಸರಪಳಿಯ ಮೇಲೆ ಹೊರುತ್ತವೆ. ಸರಪಳಿಯ ಕೊಂಡಿಗಳನ್ನು ಪಿನ್ನುಗಳು ಬೆಸೆಯುತ್ತವೆ, ಪ್ರತಿ ಪಿನ್ನಿನ ಸುತ್ತ ಬುಷ್ ಎಂಬ ಉಕ್ಕಿನ ಕೊಳವೆಯಿರುತ್ತದೆ, ಸ್ಪ್ರಾಕೆಟ್ಟಿನ ಹಲ್ಲು ತಳ್ಳುವುದು ಆ ಬುಷ್ಷನ್ನೇ.

ಬಿಡಿಭಾಗ ಹುಡುಕುವವರನ್ನು ಕಾಡುವ ತೊಡಕೆಲ್ಲ ಒಂದು ಪಿನ್ನಿನ ನಡುವಿನಿಂದ ಮುಂದಿನ ಪಿನ್ನಿನ ನಡುವಿನವರೆಗಿನ ಅಂತರದಲ್ಲಿ ಅಡಗಿದೆ. ಪಿಚ್ ಎನ್ನಿಸಿಕೊಳ್ಳುವ ಈ ಅಂತರ, ಪಿನ್ನು ಹೊರಗಿನಿಂದಲೂ ಬುಷ್ಷು ಒಳಗಿನಿಂದಲೂ ಸವೆದಂತೆ ಹಿಗ್ಗುತ್ತ ಹೋಗುತ್ತದೆ. ಕೊಂಡಿಯೊಂದಕ್ಕೆ 3 ಮಿಲಿಮೀಟರ್ ಹಿಗ್ಗಿದರೂ 36 ಕೊಂಡಿಗಳ ಸರಪಳಿ 108 ಮಿಲಿಮೀಟರ್ ಉದ್ದವಾಗಿ ಜೋಲುತ್ತದೆ. ಆಗ ಒಂದು ಕೊಂಡಿಯನ್ನೇ ತೆಗೆದು ಬಿಗಿಮಾಡುವ ಉಪಾಯವನ್ನು ಹಲವರು ಅನುಸರಿಸುತ್ತಾರಾದರೂ ಅದರಿಂದ ಸರಪಳಿಯ ಒಟ್ಟು ಉದ್ದ ಕುಗ್ಗುತ್ತದೆಯೇ ಹೊರತು ಪಿಚ್ ಮೊದಲಿನಂತಾಗುವುದಿಲ್ಲ. ಹಿಗ್ಗಿದ ಸರಪಳಿಗೆ ಹೊಸ ಸ್ಪ್ರಾಕೆಟ್ ಹಾಕಿದರೆ ಬುಷ್ಷುಗಳು ಹಲ್ಲಿನ ಬುಡದಲ್ಲಿ ಕೂರದೆ ತುದಿಯತ್ತ ಏರಿ ಹೊಸ ಹಲ್ಲುಗಳನ್ನು ಬೇಗನೆ ಚೂಪಾಗಿಸುತ್ತವೆ, ಸವೆದ ಸ್ಪ್ರಾಕೆಟ್ಟಿನ ಮೇಲೆ ಹೊಸ ಸರಪಳಿ ಏರಿಸಿದರೆ ಹಾಳಾಗುವ ಸರದಿ ಸರಪಳಿಯದು. ಆದ್ದರಿಂದ ಅಗ್ಗಕ್ಕೆ ಸಿಕ್ಕಿತೆಂದು ಒಂದನ್ನಷ್ಟೇ ಕೊಳ್ಳುವುದು ಉಳಿತಾಯವೆನಿಸದು.

ಪಿಚ್ ಅಳೆಯುವಾಗ ಸ್ಪ್ರಾಕೆಟ್ಟಿನ ಹಲ್ಲಿಗೆ ಹಳೆಯ ಪಿನ್ನೊಂದನ್ನು ಅಡ್ಡಕೊಟ್ಟು, ಯಂತ್ರವನ್ನು ಮೆಲ್ಲನೆ ಹಿಂದಕ್ಕೆ ಚಲಿಸಿ ಸರಪಳಿಯನ್ನು ಬಿಗಿಗೊಳಿಸಿ, ಒಂದು ಪಿನ್ನಿನ ಅಂಚಿನಿಂದ ಐದನೆಯ ಪಿನ್ನಿನ ಅದೇ ಬದಿಯ ಅಂಚಿನವರೆಗೆ ಅಳೆದು ನಾಲ್ಕರಿಂದ ಭಾಗಿಸುತ್ತಾರೆ. ಆದರೆ ಸಿಗುವುದು ಸವೆದ ಸರಪಳಿಯ ಅಳತೆಯಾದ್ದರಿಂದ, ಮೂಲ ಪಿಚ್ ಎಷ್ಟಿತ್ತೆಂಬುದನ್ನು ಯಂತ್ರದ ಕ್ರಮಸಂಖ್ಯೆಯ ನೆರವಿನಿಂದ ಬಿಡಿಭಾಗಗಳ ಪುಸ್ತಕದಲ್ಲಿ ನೋಡಬೇಕಾಗುತ್ತದೆ. ಡಿ2 ಎಂಬ ಒಂದೇ ಹೆಸರಿನಡಿ 3ಜೆ, 5ಜೆ, 4ಯು, 5ಯು ಎಂಬ ನಾಲ್ಕು ಸರಣಿಗಳಿದ್ದು, 4ಯು ಯಂತ್ರದ ಎರಡು ಸರಪಳಿಗಳ ಮಧ್ಯರೇಖೆಗಳ ನಡುವಿನ ಅಂತರ 40 ಅಂಗುಲವಾದರೆ 5ಯುವಿನದು 50 ಅಂಗುಲ. ಹೆಸರನ್ನಷ್ಟೇ ಹೇಳಿದರೆ ಮಾರಾಟಗಾರನಿಗೆ ಅರ್ಧ ಮಾತ್ರ ತಿಳಿದಂತೆ.

ಮೂಲ ಕಂಪನಿಯ ಹೊರಗೆ ಇಟಲಿಯ ಬೆರ್ಕೊದಂಥ ತಯಾರಕರೂ ಹಲವು ಬ್ರಾಂಡುಗಳ ಯಂತ್ರಗಳಿಗೆ ಹೊಂದುವ ಸರಪಳಿ, ರೋಲರುಗಳನ್ನು ಮಾಡುತ್ತಾರೆ. ಭಾರತಕ್ಕೂ ಈ ಯಂತ್ರಗಳ ನಂಟು ಹಳೆಯದು: ಆಳಕ್ಕೆ ಬೇರಿಳಿಸಿದ ಕಾಂಸ್ ಹುಲ್ಲನ್ನು ಉತ್ತು ತೆಗೆದು ಮಧ್ಯ ಭಾರತದ ನೆಲವನ್ನು ಸಾಗುವಳಿಗೆ ತರಲು ಟ್ರ್ಯಾಕ್ಟರುಗಳನ್ನು ಕೊಳ್ಳಲೆಂದು 1949ರಲ್ಲಿ ವಿಶ್ವಬ್ಯಾಂಕ್ 1 ಕೋಟಿ ಡಾಲರ್ ಸಾಲ ನೀಡಿತ್ತು. ಮುಂದೆ 1964ರಲ್ಲಿ ಸ್ಥಾಪನೆಯಾದ ಭಾರತದ್ದೇ ಯಂತ್ರ ತಯಾರಿಕಾ ಸಂಸ್ಥೆ ಬಿಇಎಂಎಲ್, ಜಪಾನಿನ ಕೊಮಾಟ್ಸು ಕಂಪನಿಯ ತಂತ್ರಜ್ಞಾನದಿಂದ ಕೋಲಾರದ ಕೆಜಿಎಫ್‌ನಲ್ಲಿ ಬುಲ್ಡೋಜರುಗಳನ್ನು ತಯಾರಿಸಿದ್ದರಿಂದ, ಅದರ ಹಳೆಯ ಡೋಜರುಗಳಿಗೆ ಭಾಗ ಹುಡುಕುವವರು ಕೊಮಾಟ್ಸು ವಿನ್ಯಾಸದ ಸಮಾನ ಭಾಗಗಳನ್ನೂ ಅಳತೆ ತಾಳೆನೋಡಿ ಪರಿಗಣಿಸಬಹುದು.

ಹೊಸದು ಸಿಗದಿದ್ದಾಗ ಹಳೆಯದಕ್ಕೇ ಮರುಜೀವ ಕೊಡುವ ದಾರಿಗಳೂ ಇವೆ. ಪಿನ್ನು, ಬುಷ್ಷುಗಳು ಮುಖ್ಯವಾಗಿ ಒಂದೇ ಬದಿಯಲ್ಲಿ ಸವೆಯುವುದರಿಂದ ಅವುಗಳನ್ನು ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಒತ್ತಿ ತೆಗೆದು ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ, ಬುಷ್ಷು ತೀರ ತೆಳುವಾಗದಿರುವವರೆಗೆ, ಪಿಚ್ ಬಹುಮಟ್ಟಿಗೆ ಮೊದಲಿನ ಸ್ಥಿತಿಗೆ ಬರುತ್ತದೆ. ರೋಲರುಗಳ ಸವೆದ ಮೈಗೆ ವೆಲ್ಡಿಂಗಿನಿಂದ ಲೋಹ ತುಂಬಿಸಬಹುದು. ಸ್ಪ್ರಾಕೆಟ್ಟನ್ನು ಅಕ್ಷದಿಂದ ಕೀಳುವುದು ಕಷ್ಟವಾದಲ್ಲಿ ಹಲ್ಲುಗಳ ಹೊರಬಳೆಯನ್ನಷ್ಟೇ ಕತ್ತರಿಸಿ ಹೊಸ ಬಳೆಯನ್ನು ಬೆಸೆಯುತ್ತಾರೆ, ಆದರೆ ಬಳೆ ಕೂದಲೆಳೆಯಷ್ಟೂ ಓರೆಯಾಗದಂತೆ ಕೂರಿಸುವ ಈ ಕೆಲಸಕ್ಕೆ ಪಳಗಿದ ಕೈ ಬೇಕು. ಸರಪಳಿಯ ಹೊರಮೈಯಲ್ಲಿ ನೆಲವನ್ನು ಕಚ್ಚುವ ಪ್ಲೇಟುಗಳ ಏಣು ಸವೆದಿದ್ದರೆ ಅದರ ಮೇಲೊಂದು ಉಕ್ಕಿನ ಪಟ್ಟಿ ಬೆಸೆದರೆ ಸಾಕಾಗುವುದರಿಂದ, ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವ ಈ ಸವೆತವೇ ಸರಿಪಡಿಸಲು ಎಲ್ಲಕ್ಕಿಂತ ಸುಲಭವಾದದ್ದು.